ವಾಹನ ಪ್ರಶ್ನೋತ್ತರ: ಎಲ್ಲ ಕಾರಿಗೂ ಐದು ತಾರೆ ಇದ್ದರೆ ಆಯ್ಕೆ ಹೇಗೆ?

ಹೊಸ ಕಾರು ಕೊಳ್ಳಲು ಹೊರಟವರ ಪತ್ರಗಳೇ ಈ ಸಲ ಹೆಚ್ಚು ಬಂದಿವೆ. ಬಜೆಟ್ ಬೇರೆ ಬೇರೆಯಾದರೂ ಕೇಳಿದವರೆಲ್ಲರ ಕೈಯಲ್ಲಿ ಒಂದೊಂದು ರೇಟಿಂಗ್ ಪಟ್ಟಿ ಇದ್ದೇ ಇದೆ. ಆದ್ದರಿಂದ ಒಂದೇ ವಿಷಯಕ್ಕೆ ಸೇರಿದ ಪ್ರಶ್ನೆಗಳನ್ನು ಆರಿಸಿ, ಅವುಗಳಿಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ಕಡಿಮೆ ಬೆಲೆಯ ಒಂದು ಹ್ಯಾಚ್‌ಬ್ಯಾಕ್, ಮಧ್ಯಮ ಬೆಲೆಯ ಒಂದು ಸೆಡಾನ್, ದುಬಾರಿ ಬೆಲೆಯ ಒಂದು ದೊಡ್ಡ ಎಸ್‌ಯುವಿ, ಹೀಗೆ ಮೂರು ಕಾರುಗಳನ್ನು ಗುರುತು ಮಾಡಿಕೊಂಡಿದ್ದೇನೆ. ಅಪಘಾತ ಪರೀಕ್ಷೆಯಲ್ಲಿ ಮೂರಕ್ಕೂ ಐದು ತಾರೆ ಬಂದಿದೆ. ಸುರಕ್ಷತೆಯ ಮಟ್ಟಿಗೆ ಮೂರೂ ಸಮವೆಂದು ತಿಳಿದು ಅಗ್ಗದ್ದನ್ನೇ ಕೊಳ್ಳಬಹುದೇ?

ಉತ್ತರ: ಅಗ್ಗದ್ದನ್ನು ಕೊಳ್ಳಬಹುದು, ಆದರೆ ಮೂರೂ ಸಮವೆಂದು ತಿಳಿದು ಕೊಳ್ಳಬಾರದು. ತಾರೆ ಎನ್ನುವುದು ಒಂದು ಕಾರನ್ನು ಅದರದೇ ಗಾತ್ರದ, ಅದೇ ಕಾಲದ, ಅದೇ ನಿಯಮಗಳಡಿ ಪರೀಕ್ಷೆಗೊಳಗಾದ ಇತರ ಕಾರುಗಳೊಂದಿಗೆ ಹೋಲಿಸಲು ಕೊಟ್ಟ ಗುರುತು. ಈ ಮೂರು ಷರತ್ತುಗಳಲ್ಲಿ ಯಾವುದು ತಪ್ಪಿದರೂ ಹೋಲಿಕೆ ಕೆಡುತ್ತದೆ.

ಮೊದಲು ಗಾತ್ರದ ಮಾತು. ಅಮೆರಿಕದ ವಿಮಾ ಕಂಪನಿಗಳ ಬೆಂಬಲದಿಂದ 1959ರಲ್ಲಿ ಆರಂಭವಾದ ಐಐಎಚ್‌ಎಸ್ ಎಂಬ ಸಂಸ್ಥೆ 2009ರಲ್ಲಿ ಒಂದು ಕಣ್ತೆರೆಸುವ ಪರೀಕ್ಷೆ ನಡೆಸಿತು. ಸ್ಮಾರ್ಟ್ ಫೋರ್‌ಟೂ ಕಾರನ್ನು ಮರ್ಸಿಡಿಸ್ ಸಿ-ಕ್ಲಾಸ್‌ಗೆ, ಹೋಂಡಾ ಫಿಟ್ ಅನ್ನು ಅದೇ ಕಂಪನಿಯ ಅಕಾರ್ಡ್‌ಗೆ, ಟೊಯೋಟಾ ಯಾರಿಸ್ ಅನ್ನು ಅದೇ ಕಂಪನಿಯ ಕ್ಯಾಮ್ರಿಗೆ ಎದುರುಬದುರಾಗಿ ಡಿಕ್ಕಿ ಹೊಡೆಸಲಾಯಿತು. ಗೋಡೆಯಂಥ ಅಡ್ಡಕ್ಕೆ ಗುದ್ದಿದಾಗ ಉತ್ತಮ ಅಂಕ ಪಡೆದಿದ್ದ ಆ ಮೂರೂ ಚಿಕ್ಕ ಕಾರುಗಳು ದೊಡ್ಡ ಕಾರಿಗೆ ಗುದ್ದಿದಾಗ ಅತಿ ಕೆಳಗಿನ ದರ್ಜೆ ಪಡೆದವು. ಕಾರಣ ಸರಳವಾದದ್ದು. ಎರಡು ವಾಹನಗಳು ಮುಖಾಮುಖಿಯಾಗಿ ಗುದ್ದಿದಾಗ ಹಗುರವಾದದ್ದರ ವೇಗದಲ್ಲಿ ಆಗುವ ಬದಲಾವಣೆ ಹೆಚ್ಚು, ಅದು ಹಿಂದಕ್ಕೆ ತಳ್ಳಲ್ಪಡುತ್ತದೆ. ಒಳಗೆ ಕುಳಿತವರ ಎದೆ, ಕತ್ತು, ಕಾಲುಗಳ ಮೇಲೆ ಬೀಳುವ ಹೊಡೆತವೂ ಅಷ್ಟೇ ಹೆಚ್ಚುತ್ತದೆ.

ಈ ಕೊರತೆಯನ್ನು ಪರೀಕ್ಷೆ ನಡೆಸುವವರೂ ಬಲ್ಲರು. ಯೂರೋಪಿನಲ್ಲಿ ಕಾರುಗಳಿಗೆ ತಾರೆ ಕೊಡುವ, 1997ರಿಂದ ಫಲಿತಾಂಶ ಪ್ರಕಟಿಸುತ್ತಿರುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2020ರಲ್ಲಿ ತನ್ನ ಮುಂಭಾಗದ ಪರೀಕ್ಷೆಯನ್ನೇ ಬದಲಿಸಿತು. ಅಲ್ಲಿಯವರೆಗೆ ಕಾರು ಗಂಟೆಗೆ 64 ಕಿ.ಮೀ. ವೇಗದಲ್ಲಿ ನಿಂತ ಅಡ್ಡವೊಂದಕ್ಕೆ ಗುದ್ದುತ್ತಿತ್ತು. ಈಗ 1,400 ಕಿಲೋ ತೂಕದ ಗಾಡಿಯೊಂದು ಎದುರಿನಿಂದ 50 ಕಿ.ಮೀ. ವೇಗದಲ್ಲಿ ಬರುತ್ತದೆ, ಪರೀಕ್ಷೆಯ ಕಾರೂ ಅದೇ ವೇಗದಲ್ಲಿ ಹೋಗಿ ಅದಕ್ಕೆ ಗುದ್ದುತ್ತದೆ. ಚಿಕ್ಕ ಕಾರಿಗೆ ಇದು ತನಗಿಂತ ಭಾರವಾದ ಎದುರಾಳಿ. ದೊಡ್ಡ ಕಾರಿನ ವಿಷಯದಲ್ಲಿ, ಅದು ಎದುರಿನ ವಾಹನವನ್ನು ಎಷ್ಟು ಕೆಡಿಸಿತು ಎಂಬುದನ್ನೂ ಅಳೆದು ಅಂಕ ಕಳೆಯಲಾಗುತ್ತದೆ. ಈ ಹೊಸ ನಿಯಮದಡಿ ಮೊದಲು ಪರೀಕ್ಷೆಗೆ ನಿಂತ ಕಾರು ಟೊಯೋಟಾ ಯಾರಿಸ್. ಮುಂದಿನ ಎರಡು ಸೀಟುಗಳ ನಡುವೆಯೂ ಏರ್‌ಬ್ಯಾಗ್ ಇದ್ದ ಆ ಚಿಕ್ಕ ಕಾರು ಐದು ತಾರೆ ಪಡೆಯಿತು. ಅಂದರೆ ಚಿಕ್ಕ ಕಾರು ಸುರಕ್ಷಿತವಾಗಿರಲು ಸಾಧ್ಯ, ಆದರೆ ಅದು ಯಾವ ಪರೀಕ್ಷೆಯಲ್ಲಿ ಗೆದ್ದಿದೆ ಎಂಬುದನ್ನು ನೋಡಬೇಕು.

ಎರಡನೆಯದು ವರ್ಷ. ಫಿಯೆಟ್ ಪುಂಟೊ 2005ರಲ್ಲಿ ಐದು ತಾರೆ ಪಡೆದ ಕಾರು. ಅದೇ ಮಾದರಿಯನ್ನು 2017ರಲ್ಲಿ ಮತ್ತೆ ಪರೀಕ್ಷಿಸಿದಾಗ ಒಂದು ತಾರೆಯೂ ಬರಲಿಲ್ಲ. ರೆನೊ ಜೋಯಿ ಎಂಬ ವಿದ್ಯುತ್ ಕಾರಿಗೆ 2013ರಲ್ಲಿ ಐದು, 2021ರಲ್ಲಿ ಸೊನ್ನೆ. ಪುಂಟೊ ಕೆಟ್ಟದ್ದಾಗಿರಲಿಲ್ಲ, ಪರೀಕ್ಷೆ ಮುಂದೆ ಹೋಗಿತ್ತು. ಹಾಗಾಗಿ ತಾರೆಗಳ ಪಕ್ಕದಲ್ಲಿ ಪರೀಕ್ಷೆ ನಡೆದ ವರ್ಷವನ್ನು ಬರೆದುಕೊಳ್ಳಿ. ವರ್ಷವಿಲ್ಲದ ಐದು ತಾರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಯೂರೋ ಎನ್‌ಕ್ಯಾಪ್ ತಾನೇ ತನ್ನ ಫಲಿತಾಂಶಗಳಿಗೆ ಆರು ವರ್ಷಗಳ ಅವಧಿ ಇಟ್ಟಿದೆ. ಜಾಗವೂ ಮುಖ್ಯ. ಯೂರೋ ಎನ್‌ಕ್ಯಾಪ್, ಲ್ಯಾಟಿನ್ ಎನ್‌ಕ್ಯಾಪ್, ಗ್ಲೋಬಲ್ ಎನ್‌ಕ್ಯಾಪ್, ಭಾರತ್ ಎನ್‌ಕ್ಯಾಪ್‌ಗಳ ನಿಯಮಗಳು ಒಂದೇ ಅಲ್ಲ, ಒಂದೇ ಹೆಸರಿನ ಕಾರು ಬೇರೆ ಬೇರೆ ಮಾರುಕಟ್ಟೆಗಳಲ್ಲಿ ಬೇರೆ ಸಲಕರಣೆಗಳೊಂದಿಗೆ ಮಾರಾಟವಾಗುವುದೂ ಉಂಟು.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. 2025ರವರೆಗಿನ ಪರೀಕ್ಷೆಗಳಲ್ಲಿ ಯೂರೋ ಎನ್‌ಕ್ಯಾಪ್‌ನ ತಾರೆ ನಾಲ್ಕು ಬೇರೆ ಬೇರೆ ಅಂಕಗಳಿಂದ ಹುಟ್ಟುತ್ತಿತ್ತು: ಒಳಗಿರುವ ದೊಡ್ಡವರ ರಕ್ಷಣೆ, ಮಕ್ಕಳ ರಕ್ಷಣೆ, ಪಾದಚಾರಿ ಮತ್ತು ಸೈಕಲ್ ಸವಾರರ ರಕ್ಷಣೆ, ಹಾಗೂ ಅಪಘಾತ ತಪ್ಪಿಸಲು ನೆರವಾಗುವ ತಂತ್ರಜ್ಞಾನ. ಡಾಸಿಯಾ ಸ್ಯಾಂಡೆರೊ ಸ್ಟೆಪ್‌ವೇ 2021ರಲ್ಲಿ ಎರಡೇ ತಾರೆ ಪಡೆಯಿತು. ಆದರೆ ದೊಡ್ಡವರ ರಕ್ಷಣೆಯಲ್ಲಿ ಅದಕ್ಕೆ ಶೇಕಡಾ 70ರಷ್ಟು ಅಂಕವಿತ್ತು. ಅದನ್ನು ಕೆಳಗೆಳೆದದ್ದು ಮುಖ್ಯವಾಗಿ ಉಳಿದ ವಿಭಾಗಗಳು. ಅದರ ಬೆಲೆ ಕಡಿಮೆಯಿರಲು ಅಪಘಾತ ತಪ್ಪಿಸುವ ಸಲಕರಣೆಗಳನ್ನು ಬಿಟ್ಟದ್ದೂ ಒಂದು ಕಾರಣ. ಕಡಿಮೆ ಬಜೆಟ್ಟಿನವರು ತಾರೆ ಎಣಿಸುವುದಕ್ಕಿಂತ ಈ ನಾಲ್ಕು ಅಂಕಗಳನ್ನು ಬಿಡಿಬಿಡಿಯಾಗಿ ಓದುವುದು ಒಳ್ಳೆಯದು ಎಂದು ನಾನು ಒತ್ತಿ ಹೇಳುತ್ತೇನೆ.

ನಿಮ್ಮ ಮೂರು ಕಾರುಗಳ ವಿಷಯಕ್ಕೆ ಮರಳಿದರೆ, ಹ್ಯಾಚ್‌ಬ್ಯಾಕ್‌ನ ಪರೀಕ್ಷೆ 2020ರ ನಂತರ ನಡೆದಿದ್ದು, ನಿಮ್ಮ ಓಡಾಟ ಬಹುಪಾಲು ಊರೊಳಗಿನದಾದರೆ, ಅದನ್ನೇ ಕೊಳ್ಳಿ. ಓಡಾಟ ಹೆಚ್ಚಾಗಿ ಹೆದ್ದಾರಿಯಲ್ಲಾದರೆ ಸೆಡಾನ್‌ಗೆ ಹಣ ಹೊಂದಿಸುವುದು ಸಾರ್ಥಕ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, 64 ಕಿ.ಮೀ. ವೇಗದಲ್ಲಿ ಇರುವುದಕ್ಕಿಂತ 80 ಕಿ.ಮೀ. ವೇಗದಲ್ಲಿ ಅದು ಒಂದೂವರೆ ಪಟ್ಟಿಗೂ ಹೆಚ್ಚಾಗಿರುತ್ತದೆ. ಯಾವ ತಾರೆಯೂ ಆ ವೇಗಕ್ಕೆ ಕೊಟ್ಟದ್ದಲ್ಲ.

ಪ್ರಶ್ನೆ: ನನ್ನಲ್ಲಿರುವ ಹಣಕ್ಕೆ ಒಳ್ಳೆಯ ರೇಟಿಂಗ್ ಇರುವ ಚಿಕ್ಕ ಕಾರಿನ ಟಾಪ್ ವೇರಿಯಂಟ್ ಬರುತ್ತದೆ. ಅದೇ ಹಣಕ್ಕೆ ಒಂದು ದರ್ಜೆ ಮೇಲಿನ ಕಾರಿನ ಬೇಸ್ ವೇರಿಯಂಟ್ ಕೂಡ ಸಿಗುತ್ತದೆ. ಮನೆಯಲ್ಲಿ ನಾವು ನಾಲ್ವರು. ಯಾವುದು ಸರಿ?

ಉತ್ತರ: ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಒಂದು ಕಾಗದದಲ್ಲಿ ಎರಡು ಪಟ್ಟಿ ಮಾಡಿಕೊಳ್ಳಿ. ಆಮೇಲೆ ಹಾಕಿಸಿಕೊಳ್ಳಬಹುದಾದ ವಸ್ತುಗಳು ಒಂದರಲ್ಲಿ, ಎಂದಿಗೂ ಹಾಕಿಸಿಕೊಳ್ಳಲಾಗದವು ಇನ್ನೊಂದರಲ್ಲಿ. ಮ್ಯೂಸಿಕ್ ಸಿಸ್ಟಂ, ಅಲಾಯ್ ವೀಲ್, ಸೀಟ್ ಕವರ್, ರಿವರ್ಸ್ ಕ್ಯಾಮೆರಾ ಇವೆಲ್ಲ ಮೊದಲ ಪಟ್ಟಿಗೆ. ಏರ್‌ಬ್ಯಾಗ್, ಕಾರು ಜಾರದಂತೆ ತಡೆಯುವ ಇಎಸ್‌ಸಿ, ಎಂಜಿನ್, ಗೇರ್‌ಬಾಕ್ಸ್, ಚಕ್ರಗಳ ನಡುವಿನ ಅಂತರ, ಹಿಂದಿನ ಸೀಟಿನ ತಲೆಯಾಸರೆ, ಮೂರೂ ಸ್ಥಾನಕ್ಕೆ ಮೂರು ಬಿಂದುಗಳ ಬೆಲ್ಟ್ ಇವು ಎರಡನೆಯದಕ್ಕೆ. ಬೇಸ್ ವೇರಿಯಂಟ್‌ನಲ್ಲಿ ಬಿಟ್ಟುಹೋಗಿರುವುದು ಮೊದಲ ಪಟ್ಟಿಯ ವಸ್ತುಗಳಷ್ಟೇ ಆಗಿದ್ದರೆ ಕಣ್ಣು ಮುಚ್ಚಿ ದೊಡ್ಡ ಕಾರು ಕೊಳ್ಳಿ. ಎರಡನೇ ಪಟ್ಟಿಯದು ಒಂದೇ ಒಂದು ಬಿಟ್ಟುಹೋಗಿದ್ದರೂ ಚಿಕ್ಕ ಕಾರಿನ ಟಾಪ್ ವೇರಿಯಂಟೇ ಮೇಲು.

ಇಎಸ್‌ಸಿ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಶೋರೂಂನಲ್ಲಿ ಇದನ್ನು ಯಾರೂ ತಾವಾಗಿ ವಿವರಿಸುವುದಿಲ್ಲ. ತಿರುವಿನಲ್ಲಿ ಕಾರು ಜಾರತೊಡಗಿದರೆ, ಸ್ಟೇರಿಂಗ್ ತಿರುಗಿರುವ ದಿಕ್ಕಿಗೂ ಕಾರು ನಿಜವಾಗಿ ತಿರುಗುತ್ತಿರುವ ದಿಕ್ಕಿಗೂ ಇರುವ ವ್ಯತ್ಯಾಸವನ್ನು ಈ ವ್ಯವಸ್ಥೆ ಸೆಕೆಂಡಿನ ಸಣ್ಣ ಭಾಗದಲ್ಲಿ ಗುರುತಿಸಿ, ನಾಲ್ಕರಲ್ಲಿ ಯಾವ ಚಕ್ರಕ್ಕೆ ಬೇಕೋ ಅದಕ್ಕೆ ಮಾತ್ರ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಎಷ್ಟೇ ನುರಿತ ಚಾಲಕರಾದರೂ ಒಂದೇ ಚಕ್ರಕ್ಕೆ ಬ್ರೇಕ್ ಹಾಕಲಾರರು. 1995ರಲ್ಲಿ ಮರ್ಸಿಡಿಸ್‌ನ ದುಬಾರಿ ಕಾರಿನಲ್ಲಿ ಬಂದ ಈ ತಂತ್ರಜ್ಞಾನವನ್ನು ಅಮೆರಿಕ 2012ರ ಮಾದರಿಗಳಿಂದ, ಐರೋಪ್ಯ ಒಕ್ಕೂಟ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡಿದವು. ಆದುದರಿಂದ ಯಾವ ಬಜೆಟ್ ಆದರೂ ಇದಿಲ್ಲದ ಕಾರನ್ನು ಪಟ್ಟಿಯಿಂದ ತೆಗೆದುಹಾಕಿ.

ರೇಟಿಂಗ್ ಯಾವ ವೇರಿಯಂಟ್‌ಗೆ ಸಿಕ್ಕಿತು ಎಂಬುದನ್ನೂ ವಿಚಾರಿಸಿ. ಸುಜುಕಿ ಸ್ವಿಫ್ಟ್‌ಗೆ 2017ರಲ್ಲಿ ಯೂರೋ ಎನ್‌ಕ್ಯಾಪ್ ಎರಡು ಫಲಿತಾಂಶ ಕೊಟ್ಟಿತು: ಸಾಮಾನ್ಯ ಸಲಕರಣೆಗಳಿದ್ದ ಕಾರಿಗೆ ಮೂರು ತಾರೆ, ಹೆಚ್ಚುವರಿ ಸುರಕ್ಷತಾ ಸಲಕರಣೆಗಳಿದ್ದದ್ದಕ್ಕೆ ನಾಲ್ಕು. ಮಾದರಿ ಒಂದೇ, ಹೆಸರು ಒಂದೇ, ಲೋಹವೂ ಒಂದೇ.

ನಾಲ್ವರ ಕುಟುಂಬ ಎಂದಿರಿ. ಹಾಗಾದರೆ ಎಂಜಿನ್‌ನ ಕಡೆಗೂ ನೋಡಬೇಕಾಗುತ್ತದೆ. ಎರಡೂ ಕಾರುಗಳಲ್ಲಿ ಒಂದೇ ಎಂಜಿನ್ ಕೂರಿಸಿರುವುದು ಅಪರೂಪವಲ್ಲ. ದೊಡ್ಡ ಮೈ, ಅದೇ ಎಂಜಿನ್, ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಏರುದಾರಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕಬೇಕಾದಾಗ ಕಾರು ಉಸಿರುಗಟ್ಟಿದಂತೆ ಆಡುತ್ತದೆ. ನಾನು ಹಿಂದೊಮ್ಮೆ ಒಬ್ಬನೇ ಟೆಸ್ಟ್ ಡ್ರೈವ್ ಮಾಡಿ, ಸಮತಟ್ಟಾದ ರಸ್ತೆಯಲ್ಲಿ ಹಾಯಾಗಿ ಓಡಿತೆಂದು ಇಂಥದೇ ಒಂದು ಬೇಸ್ ವೇರಿಯಂಟ್ ತಂದೆ. ಮನೆಯವರೆಲ್ಲ ಕೂತ ಮೊದಲ ಪ್ರವಾಸದಲ್ಲೇ ಅದರ ದಣಿವು ತಿಳಿಯಿತು. ಹಿಂದೆ ತಲೆಯಾಸರೆಯಿಲ್ಲದೆ ನನ್ನ ತಾಯಿಯ ಕತ್ತು ಎರಡು ದಿನ ನೋಯುತ್ತಿತ್ತು. ಅಂದಿನಿಂದ ನಾನು ಹಿಂದಿನ ಸೀಟಿನಲ್ಲಿ ಕೂರದೆ ಯಾವ ಕಾರಿನ ಬಗ್ಗೆಯೂ ಅಭಿಪ್ರಾಯ ಹೇಳುವುದಿಲ್ಲ.

ಪ್ರಶ್ನೆ: ಮಧ್ಯಮ ಬಜೆಟ್‌ನಲ್ಲಿ ಪೆಟ್ರೋಲ್, ಡೀಸೆಲ್, ಹೈಬ್ರಿಡ್, ವಿದ್ಯುತ್ ನಾಲ್ಕರಲ್ಲೂ ಮೆಚ್ಚುಗೆ ಪಡೆದ ಕಾರುಗಳಿವೆ. ಮೈಲೇಜ್ ನೋಡಿದರೆ ಹೈಬ್ರಿಡ್, ಓಡಿಸುವ ಖರ್ಚು ನೋಡಿದರೆ ವಿದ್ಯುತ್ ಕಾರು ಗೆಲ್ಲುತ್ತದೆ; ಬೆಲೆ ನೋಡಿದರೆ ಪೆಟ್ರೋಲ್. ಹೇಗೆ ತೂಗಿ ನೋಡಬೇಕು?

ಉತ್ತರ: ಮೈಲೇಜ್ ಅಂಕಿಯನ್ನು ಓದುವ ರೀತಿಯಲ್ಲೇ ಒಂದು ಮೋಸವಿದೆ, ಅದನ್ನು ಮೊದಲು ಬಿಡಿಸೋಣ. ನೀವು ವರ್ಷಕ್ಕೆ 15,000 ಕಿ.ಮೀ. ಓಡಿಸುತ್ತೀರಿ ಎಂದಿಟ್ಟುಕೊಳ್ಳಿ. ಲೀಟರಿಗೆ 10 ಕಿ.ಮೀ. ಕೊಡುವ ಕಾರಿಗೆ 1,500 ಲೀಟರ್ ಬೇಕು. 15 ಕೊಡುವುದಕ್ಕೆ 1,000. ಉಳಿತಾಯ 500 ಲೀಟರ್. ಲೀಟರಿಗೆ 20 ಕೊಡುವ ಕಾರಿಗೆ 750 ಲೀಟರ್, 25 ಕೊಡುವುದಕ್ಕೆ 600. ಉಳಿತಾಯ ಬರೀ 150 ಲೀಟರ್. ಎರಡೂ ಕಡೆ ಮೈಲೇಜ್ ಹೆಚ್ಚಿದ್ದು 5 ಕಿ.ಮೀ. ಮಾತ್ರ, ಆದರೆ ಉಳಿತಾಯ ಮೂರು ಪಟ್ಟಿಗೂ ಹೆಚ್ಚು ಬೇರೆ. ಆದ್ದರಿಂದ ದೊಡ್ಡ, ಭಾರದ ಕಾರು ಬೇಕಾದವರಿಗೆ ಹೈಬ್ರಿಡ್‌ನಿಂದ ಬರುವ ಲಾಭ ಹೆಚ್ಚು. ಆಗಲೇ ಚೆನ್ನಾಗಿ ಮೈಲೇಜ್ ಕೊಡುವ ಚಿಕ್ಕ ಕಾರನ್ನು ಆರಿಸಿಕೊಂಡವರಿಗೆ ಕಡಿಮೆ. ಹೈಬ್ರಿಡ್‌ಗೂ ಪೆಟ್ರೋಲ್‌ಗೂ ಇರುವ ಬೆಲೆಯ ವ್ಯತ್ಯಾಸದಲ್ಲಿ ಎಷ್ಟು ಲೀಟರ್ ಇಂಧನ ಬರುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ವರ್ಷದ ಉಳಿತಾಯದ ಲೀಟರಿನಿಂದ ಭಾಗಿಸಿ. ಉತ್ತರ ನೀವು ಕಾರು ಇಟ್ಟುಕೊಳ್ಳುವ ವರ್ಷಗಳಿಗಿಂತ ಹೆಚ್ಚು ಬಂದರೆ ಆ ಹೈಬ್ರಿಡ್ ಹಣದ ಲೆಕ್ಕದಲ್ಲಿ ಗೆಲ್ಲುವುದಿಲ್ಲ.

ಹಣದ ಲೆಕ್ಕವೊಂದೇ ಎಲ್ಲವೂ ಅಲ್ಲ, ನಿಜ. 1997ರ ಪ್ರಿಯಸ್‌ನಿಂದ ಟೊಯೋಟಾ ಬೆಳೆಸಿಕೊಂಡು ಬಂದಿರುವ ಹೈಬ್ರಿಡ್ ವ್ಯವಸ್ಥೆಯಲ್ಲಿ ಸಾಮಾನ್ಯ ಅರ್ಥದ ಗೇರ್‌ಬಾಕ್ಸೂ ಇಲ್ಲ, ಸವೆಯುವ ಕ್ಲಚ್ಚೂ ಇಲ್ಲ. ಎಂಜಿನ್ ಮತ್ತು ಎರಡು ಮೋಟಾರುಗಳ ಶಕ್ತಿಯನ್ನು ಒಂದು ಗ್ರಹಚಕ್ರ ಮಾದರಿಯ ಗೇರ್ ಜೋಡಣೆ ಹಂಚುತ್ತದೆ. ಬ್ರೇಕ್ ಒತ್ತಿದಾಗ ವ್ಯರ್ಥವಾಗುತ್ತಿದ್ದ ಶಕ್ತಿಯ ಒಂದು ಪಾಲು ಬ್ಯಾಟರಿಗೆ ಮರಳುವುದರಿಂದ, ನಿಂತು ನಿಂತು ಸಾಗುವ ಪಟ್ಟಣದ ಸಂಚಾರದಲ್ಲೇ ಇದರ ಮೈಲೇಜ್ ಚೆನ್ನಾಗಿರುತ್ತದೆ. ಕೊರೊಲ್ಲಾ ಹೈಬ್ರಿಡ್‌ನಂಥ ಕಾರುಗಳು ವರ್ಷಗಟ್ಟಲೆ ಹೆಚ್ಚು ತೊಂದರೆ ಕೊಡದೆ ಓಡುವುದಕ್ಕೆ ಈ ಸರಳತೆಯೇ ದೊಡ್ಡ ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸತತವಾಗಿ ವೇಗದಲ್ಲಿ ಸಾಗುವ ಹೆದ್ದಾರಿಯಲ್ಲಿ ಬ್ರೇಕ್ ಒತ್ತುವ ಪ್ರಸಂಗವೇ ಕಡಿಮೆಯಾದ್ದರಿಂದ ಅಲ್ಲಿ ಇದರ ಮೇಲುಗೈ ಕರಗುತ್ತದೆ.

ಆ ಹೆದ್ದಾರಿಯ ಜಾಗದಲ್ಲೇ ಡೀಸೆಲ್ ಇನ್ನೂ ಬಲವಾಗಿದೆ. ಆದರೆ ಈಗಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವೊಂದಿದೆ. ಅದರಲ್ಲಿ ತುಂಬಿದ ಮಸಿ ಉರಿದು ಹೋಗಬೇಕಾದರೆ ಕಾರು ಆಗಾಗ ಒಂದಷ್ಟು ಹೊತ್ತು ನಿಲ್ಲದೆ ಓಡಿ ಚೆನ್ನಾಗಿ ಬಿಸಿಯಾಗಬೇಕು. ದಿನವೂ ಐದಾರು ಕಿ.ಮೀ. ಮಾತ್ರ ಹೋಗಿ ಬರುವವರ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ, ದುರಸ್ತಿಯ ಖರ್ಚೂ ಹಗುರವಲ್ಲ. ಸಮೀಪದ ಓಡಾಟದವರು ಡೀಸೆಲ್ ಕಡೆಗೆ ಹೋಗಲೇಬೇಡಿ.

ವಿದ್ಯುತ್ ಕಾರಿಗೆ ಬರೋಣ. ಇಲ್ಲಿ ಎಲ್ಲರೂ ನೋಡುವುದು ಒಂದು ಚಾರ್ಜ್‌ಗೆ ಎಷ್ಟು ಕಿ.ಮೀ. ಎಂಬ ಅಂಕಿ. ಈ ಅಂಕಿಯನ್ನು ಅಳೆಯಲು ಯೂರೋಪಿನಲ್ಲಿ 2017ರಿಂದ ಬಳಕೆಗೆ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ಹಳೆಯದಕ್ಕಿಂತ ವಾಸ್ತವಕ್ಕೆ ಹತ್ತಿರವಾಗಿದ್ದರೂ ಸತತ ಹೆದ್ದಾರಿ ವೇಗವನ್ನು ಅದು ಪ್ರತಿನಿಧಿಸುವುದಿಲ್ಲ. 60 ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಇರುವ ಕಾರು 100 ಕಿ.ಮೀ.ಗೆ 15 ಘಟಕ (ಕಿಲೋವ್ಯಾಟ್ ಗಂಟೆ) ಬಳಸಿದರೆ 400 ಕಿ.ಮೀ. ಹೋಗುತ್ತದೆ, ಹೆದ್ದಾರಿಯಲ್ಲಿ ಗಾಳಿಯ ತಡೆ ಹೆಚ್ಚಿ ಬಳಕೆ 20 ಘಟಕಕ್ಕೆ ಏರಿದರೆ 300 ಕಿ.ಮೀ. ಮಾತ್ರ. ದೂರದ ಪ್ರಯಾಣದಲ್ಲಿ ನಾವು ಸಾಮಾನ್ಯವಾಗಿ ಶೇಕಡಾ 10ರಿಂದ 80ರವರೆಗೆ ಮಾತ್ರ ಚಾರ್ಜ್ ಮಾಡುತ್ತೇವೆ, ಏಕೆಂದರೆ ಅದರ ಮೇಲೆ ಚಾರ್ಜಿಂಗ್ ನಿಧಾನವಾಗುತ್ತದೆ. ಆಗ ಎರಡು ನಿಲುಗಡೆಗಳ ನಡುವೆ ಸಿಗುವುದು 210 ಕಿ.ಮೀ. ಈ ಅಂಕಿ ನಿಮಗೆ ಸಾಕೇ ಎಂದು ಕೇಳಿಕೊಳ್ಳಿ. ಸಾಕೆಂದಾದರೆ, ಮನೆಯಲ್ಲೇ ರಾತ್ರಿ ಚಾರ್ಜ್ ಮಾಡಿಕೊಳ್ಳುವ ಜಾಗವಿದ್ದರೆ, ಮಧ್ಯಮ ಬಜೆಟ್‌ನಲ್ಲಿ ವಿದ್ಯುತ್ ಕಾರಿಗಿಂತ ನೆಮ್ಮದಿಯದು ಬೇರೊಂದಿಲ್ಲ. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿಲ್ಲದವರಿಗೆ ನಾನು ಸದ್ಯಕ್ಕೆ ಹೈಬ್ರಿಡ್ ಅನ್ನೇ ಸೂಚಿಸುತ್ತೇನೆ.

ಬ್ಯಾಟರಿಯ ಬಗೆಯನ್ನೂ ಕೇಳಿ ತಿಳಿದುಕೊಳ್ಳಿ. ಎಲ್‌ಎಫ್‌ಪಿ ಬಗೆಯದರಲ್ಲಿ ನಿಕಲ್, ಕೋಬಾಲ್ಟ್ ಇರುವುದಿಲ್ಲ. ಅದೇ ಶಕ್ತಿಗೆ ತೂಕ ಹೆಚ್ಚು, ಚಳಿಯಲ್ಲಿ ಚಾರ್ಜಿಂಗ್ ನಿಧಾನ, ಆದರೆ ಹೆಚ್ಚು ಸಲ ಚಾರ್ಜ್ ಮಾಡಿದರೂ ತಾಳಿಕೊಳ್ಳುತ್ತದೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ ಬಗೆಯದು ಹಗುರ, ದೂರ ಹೋಗುತ್ತದೆ. ದಿನನಿತ್ಯದ ಬಳಕೆಗೆ ಅದನ್ನು ಶೇಕಡಾ 80ರ ಸುಮಾರಿಗೆ ನಿಲ್ಲಿಸುವುದು ಒಳ್ಳೆಯದು. ಎಂಟು ವರ್ಷ ಅಥವಾ 1,60,000 ಕಿ.ಮೀ.ವರೆಗೆ ಬ್ಯಾಟರಿಯ ಸಾಮರ್ಥ್ಯ ಶೇಕಡಾ 70ಕ್ಕಿಂತ ಕೆಳಗಿಳಿಯದು ಎಂಬ ವಾರಂಟಿಯನ್ನು ಅನೇಕ ಕಂಪನಿಗಳು ಕೊಡುತ್ತವೆ. ಆ 70ರ ಅಂಕಿ ಕಾಗದದಲ್ಲಿ ಬರೆದಿದೆಯೇ ಎಂದು ನೋಡಿ. ಬರೀ ‘ಬ್ಯಾಟರಿಗೆ ಎಂಟು ವರ್ಷ’ ಎಂದಿದ್ದರೆ ಸಾಲದು.

ಪ್ರಶ್ನೆ: ಆಟೊಮ್ಯಾಟಿಕ್ ಬೇಕು. ಬೇರೆ ಬೇರೆ ಬೆಲೆಯ ಕಾರುಗಳಲ್ಲಿ ಎಎಂಟಿ, ಸಿವಿಟಿ, ಡಿಸಿಟಿ ಎಂದೆಲ್ಲ ಬರೆದಿದೆ. ವ್ಯತ್ಯಾಸ ಏನು?

ಉತ್ತರ: ಎಎಂಟಿ ಎಂದರೆ ಸಾಮಾನ್ಯ ಗೇರ್‌ಬಾಕ್ಸೇ, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಅಗ್ಗ, ಮೈಲೇಜ್ ಕೆಡುವುದಿಲ್ಲ, ಆದರೆ ಗೇರ್ ಬದಲಾಗುವಾಗ ತಲೆದೂಗಿದಂತೆ ಒಂದು ಜಗ್ಗು ಇರುತ್ತದೆ. ಸಿವಿಟಿಯಲ್ಲಿ ಗೇರುಗಳೇ ಇಲ್ಲ, ಎರಡು ರಾಟೆಗಳ ನಡುವೆ ಪಟ್ಟಿಯೊಂದು ಸರಿದಾಡುತ್ತದೆ. ನಯವಾಗಿ ಸಾಗುತ್ತದೆ, ಜೋರಾಗಿ ಒತ್ತಿದಾಗ ಎಂಜಿನ್‌ನ ಸದ್ದು ವೇಗಕ್ಕಿಂತ ಮುಂದೆ ಓಡುತ್ತದೆ. ಡಿಸಿಟಿಯಲ್ಲಿ ಎರಡು ಕ್ಲಚ್‌ಗಳಿದ್ದು ಮುಂದಿನ ಗೇರ್ ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆ ಬಲು ಚುರುಕು; ತೆವಳುವ ಸಂಚಾರದಲ್ಲಿ, ಅದರಲ್ಲೂ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್‌ನ ಬಗೆಯಾದರೆ, ಬಿಸಿಯೇರುವ ಸಂಭವವಿದೆ. ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್‌ನ ಶಕ್ತಿಯನ್ನು ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದು ಹಳೆಯ, ನಂಬಿಕೆಗೆ ಅರ್ಹವಾದ ಬಗೆ. ದುಬಾರಿ ಕಾರುಗಳಲ್ಲಿ ಹೆಸರು ಮಾಡಿರುವ ಜೆಡ್‌ಎಫ್ ಕಂಪನಿಯ ಎಂಟು ಗೇರಿನ ಪೆಟ್ಟಿಗೆ ಇದೇ ಜಾತಿಯದು. ದಿನವೂ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವವರಿಗೆ ನನ್ನ ಆಯ್ಕೆ ಸಿವಿಟಿ ಇಲ್ಲವೇ ಟಾರ್ಕ್ ಕನ್ವರ್ಟರ್.

ಪ್ರಶ್ನೆ: ‘ವರ್ಷದ ಕಾರು’ ಪ್ರಶಸ್ತಿ, ಗುಣಮಟ್ಟದ ಸಮೀಕ್ಷೆ, ಮಾಲೀಕರ ಅಭಿಪ್ರಾಯ ಇವುಗಳಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಪ್ರತಿಯೊಂದೂ ಒಂದು ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. 1964ರಿಂದ ನಡೆದುಬಂದಿರುವ ಯೂರೋಪಿನ ವರ್ಷದ ಕಾರು ಪ್ರಶಸ್ತಿಯನ್ನು ವಾಹನ ಪತ್ರಕರ್ತರ ತೀರ್ಪುಗಾರ ಮಂಡಲಿ ಕೊಡುತ್ತದೆ. ಹೊಸತನಕ್ಕೆ ಅಲ್ಲಿ ಬೆಲೆ. 2011ರಲ್ಲಿ ನಿಸಾನ್ ಲೀಫ್ ಗೆದ್ದದ್ದು ವಿದ್ಯುತ್ ಕಾರಿನ ಯುಗಕ್ಕೆ ಸಂದ ಗೌರವ. ಹತ್ತು ವರ್ಷಗಳಾದ ಮೇಲೆ ಅದರ ಬ್ಯಾಟರಿ ಹೇಗಿರುತ್ತದೆ ಎಂದು ಆ ದಿನ ಯಾರಿಗೂ ತಿಳಿದಿರಲು ಸಾಧ್ಯವಿರಲಿಲ್ಲ. ಜೆ.ಡಿ. ಪವರ್ ಸಂಸ್ಥೆಯ ಆರಂಭಿಕ ಗುಣಮಟ್ಟದ ಸಮೀಕ್ಷೆ ಮೊದಲ 90 ದಿನಗಳಲ್ಲಿ ಪ್ರತಿ 100 ಕಾರುಗಳಿಗೆ ಎಷ್ಟು ತೊಂದರೆಗಳು ಕಂಡವು ಎಂದು ಎಣಿಸುತ್ತದೆ. ಆ ಎಣಿಕೆಯಲ್ಲಿ ಫೋನ್ ಜೋಡಣೆಯಾಗದ್ದೂ ಒಂದು ತೊಂದರೆ, ಗೇರ್‌ಬಾಕ್ಸ್ ಕೆಟ್ಟದ್ದೂ ಒಂದು ತೊಂದರೆ. ಅದೇ ಸಂಸ್ಥೆಯ ಬಾಳಿಕೆಯ ಸಮೀಕ್ಷೆ ಮೂರು ವರ್ಷ ಹಳೆಯ ಕಾರುಗಳದ್ದು. ಕೊಳ್ಳುವವರಿಗೆ ಇದು ಹೆಚ್ಚು ಉಪಯುಕ್ತ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪರೀಕ್ಷಿಸುವ ಕಾರುಗಳನ್ನು ಗುರುತು ಹೇಳದೆ ತಾನೇ ಹಣ ಕೊಟ್ಟು ಕೊಳ್ಳುತ್ತದೆ. ಕಂಪನಿಯೇ ಆರಿಸಿ ಕಳಿಸಿದ ಕಾರನ್ನು ಓಡಿಸಿ ಬರೆದ ವಿಮರ್ಶೆಗಿಂತ ಇಂಥದ್ದರ ತೂಕ ಹೆಚ್ಚು.

ಮಾಲೀಕರ ಅಭಿಪ್ರಾಯಗಳಲ್ಲಿ ಮೊದಲ ತಿಂಗಳಲ್ಲಿ ಬರೆದವನ್ನು ಬದಿಗಿಡಿ. ಎರಡನೇ ವರ್ಷದ ಸರ್ವಿಸ್ ಮುಗಿಸಿ ಬರೆದವರ ಮಾತು ಓದಿ. ಒಂದೇ ದೂರು ಸಂಬಂಧವಿಲ್ಲದ ಹತ್ತು ಜನರಿಂದ ಬಂದಿದ್ದರೆ ಅದು ಆ ಕಾರಿನ ಗುಣವೆಂದೇ ತಿಳಿಯಿರಿ.

ಪ್ರಶ್ನೆ: ಬಜೆಟ್ ಈಗ ಹೆಚ್ಚಾಗಿದೆ. ಹೆಸರಾಂತ ಲಕ್ಷುರಿ ಕಂಪನಿಯ ಅತಿ ಚಿಕ್ಕ ಮಾದರಿ ಕೊಳ್ಳಲೇ, ಸಾಮಾನ್ಯ ಕಂಪನಿಯ ಅತಿ ದೊಡ್ಡ ಮಾದರಿ ಕೊಳ್ಳಲೇ?

ಉತ್ತರ: ಈ ಪ್ರಶ್ನೆ ಎರಡನೆಯ ಪ್ರಶ್ನೆಯ ಅಣ್ಣನಂತಿದ್ದರೂ ಉತ್ತರ ಬೇರೆ. ಕೆಳಗಿನ ಬಜೆಟ್‌ನಲ್ಲಿ ಹೆಚ್ಚು ಹಣಕ್ಕೆ ಸುರಕ್ಷತೆ ಸಿಗುತ್ತದೆ. ಮಧ್ಯಮದಲ್ಲಿ ಜಾಗ, ಶಕ್ತಿ ಸಿಗುತ್ತವೆ. ಮೇಲಿನ ಬಜೆಟ್‌ನಲ್ಲಿ ಸಿಗುವುದು ಮುಖ್ಯವಾಗಿ ನಿಶ್ಶಬ್ದ, ನಯಗಾರಿಕೆ ಮತ್ತು ಹೆಸರು. ಈ ಮೂರರಲ್ಲಿ ಹೆಸರು ನಿಮಗೆ ಎಷ್ಟು ಮುಖ್ಯ ಎಂಬುದನ್ನು ನಿಮ್ಮ ಬದಲು ನಾನು ಹೇಳಲಾರೆ, ಅದನ್ನು ಬಯಸುವುದು ತಪ್ಪೂ ಅಲ್ಲ. ಆದರೆ ಲಕ್ಷುರಿ ಕಂಪನಿಗಳ ಅತಿ ಚಿಕ್ಕ ಮಾದರಿಗಳಲ್ಲಿ ಆ ಹೆಸರಿಗೆ ಕಾರಣವಾದ ಗುಣಗಳು ಪೂರ್ತಿ ಇಳಿದು ಬಂದಿರುವುದಿಲ್ಲ. ಸ್ಕೋಡಾ ಒಕ್ಟಾವಿಯಾದ ಡಿಕ್ಕಿಯಲ್ಲಿ 600 ಲೀಟರ್ ಜಾಗವಿದೆ. ಅದೇ ಸಮೂಹದ ಆಡಿ ಎ3ಯೂ ಅದರೊಂದಿಗೆ ಮೂಲ ಚೌಕಟ್ಟನ್ನು ಹಂಚಿಕೊಂಡ ಕಾರೇ, ಆದರೆ ಹಿಂದಿನ ಸೀಟೂ ಡಿಕ್ಕಿಯೂ ಕಿರಿದು.

ವಿದ್ಯುತ್ ಕಾರುಗಳಲ್ಲಂತೂ ಈ ಗಡಿ ಅಳಿಸುತ್ತ ಬಂದಿದೆ. 800 ವೋಲ್ಟ್ ವ್ಯವಸ್ಥೆಯನ್ನು 2019ರಲ್ಲಿ ಪೋರ್ಷೆ ಟೈಕಾನ್ ತಂದಿತು. ಎರಡೇ ವರ್ಷಗಳಲ್ಲಿ ಅದು ಹ್ಯುಂಡೈ ಅಯಾನಿಕ್ 5ರಲ್ಲಿ ಬಂತು, ಸೂಕ್ತ ಚಾರ್ಜರ್ ಸಿಕ್ಕರೆ ಶೇಕಡಾ 10ರಿಂದ 80ಕ್ಕೆ 18 ನಿಮಿಷಗಳಲ್ಲಿ ಏರುತ್ತದೆಂಬ ಮಾತಿನೊಂದಿಗೆ. 2022ರ ವಿಶ್ವದ ವರ್ಷದ ಕಾರು ಪ್ರಶಸ್ತಿ ಅದಕ್ಕೇ ಬಂತು.

ದುಬಾರಿ ಕಾರಿನ ಖರ್ಚು ಕೊಂಡ ದಿನಕ್ಕೆ ಮುಗಿಯುವುದೂ ಇಲ್ಲ. 20 ಇಂಚಿನ ಟೈರು, ಗಾಳಿ ತುಂಬಿದ ಸಸ್ಪೆನ್ಷನ್, ಕ್ಯಾಮೆರಾ ಕೂರಿಸಿದ ಮುಂಗಾಜು ಇವು ಹಾಳಾದಾಗ ಆಗುವ ವೆಚ್ಚವನ್ನು ಸರ್ವಿಸ್ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ. ಕೆಲವು ವರ್ಷಗಳಲ್ಲಿ ಕಾರು ಕಳೆದುಕೊಳ್ಳುವ ಬೆಲೆಯೇ ಎಲ್ಲಕ್ಕಿಂತ ದೊಡ್ಡ ಖರ್ಚು, ಅದು ಬೆಲೆಗೆ ತಕ್ಕ ಪ್ರಮಾಣದಲ್ಲಿ ಹೆಚ್ಚುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ನನ್ನ ಸಲಹೆ ಸಾಮಾನ್ಯ ಕಂಪನಿಯ ದೊಡ್ಡ ಮಾದರಿ.

ಪ್ರಶ್ನೆ: ಎರಡು ಕಾರು ಉಳಿದಿವೆ. ಮನೆಯಲ್ಲಿ ವಯಸ್ಸಾದ ಅತ್ತೆ ಮಾವ ಇದ್ದಾರೆ. ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು?

ಉತ್ತರ: ಅವರಿಬ್ಬರನ್ನೂ ಜೊತೆಗೆ ಕರೆದೊಯ್ಯಿರಿ, ಇದು ಎಲ್ಲಕ್ಕಿಂತ ಮುಖ್ಯ. ಸೀಟು ಅವರ ಸೊಂಟದ ಎತ್ತರಕ್ಕೆ ಹತ್ತಿರವಿದ್ದರೆ ಬಗ್ಗದೆ, ಹತ್ತದೆ, ಸುಮ್ಮನೆ ತಿರುಗಿ ಕೂರಬಹುದು. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹೊಸ್ತಿಲಿನಂಥ ಕೆಳಗಿನ ಅಂಚು ಎಷ್ಟು ಎತ್ತರವಿದೆ, ಇಳಿಯುವಾಗ ಹಿಡಿದುಕೊಳ್ಳಲು ಮೇಲೆ ಹಿಡಿ ಇದೆಯೇ ಎಂದು ನೋಡಿ. ಅವರನ್ನು ಮೂರು ಸಲ ಹತ್ತಿಸಿ ಇಳಿಸಿ, ಮೂರನೆಯ ಸಲ ಅವರ ಮುಖ ನೋಡಿದರೆ ನಿಮಗೇ ತಿಳಿಯುತ್ತದೆ. ಕೂತಾಗ ತೊಡೆಗೆ ಆಸರೆ ಸಿಗದೆ ಮೊಣಕಾಲು ಮೇಲೆ ನಿಂತರೆ ದೂರದ ಪ್ರಯಾಣದಲ್ಲಿ ಬೆನ್ನು ನೋಯುತ್ತದೆ. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿ ನೆಲದಡಿ ಇರುವುದರಿಂದ ಈ ದೋಷ ಹೆಚ್ಚಾಗಿ ಕಾಣುತ್ತದೆ.

ನಂತರ ಒರಟು ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ನೀವು ಹಿಂದೆ ಕೂತು ಬೇರೆಯವರಿಗೆ ಓಡಿಸಲು ಕೊಡಿ. ಅಗಲ ಚಕ್ರ, ತೆಳು ಟೈರು ಇರುವ ಟಾಪ್ ವೇರಿಯಂಟ್‌ಗಿಂತ ಒಂದು ಮೆಟ್ಟಿಲು ಕೆಳಗಿನದು ಹಿಂದೆ ಕೂತವರಿಗೆ ಹೆಚ್ಚು ಹಿತವಾಗಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಹೆಡ್‌ಲೈಟ್ ತಿಳಿಯಬೇಕಾದರೆ ಕತ್ತಲಾದ ಮೇಲೆ ಇನ್ನೊಂದು ಸುತ್ತು ಕೇಳಿ. ಎ.ಸಿ., ವೈಪರ್, ಅಪಾಯಸೂಚಕ ದೀಪ ಇವುಗಳಿಗೆ ಕೈಗೆ ಸಿಗುವ ಗುಂಡಿಗಳಿವೆಯೇ, ಅಥವಾ ಎಲ್ಲವೂ ಪರದೆಯೊಳಗೆ ಅಡಗಿವೆಯೇ ಎಂಬುದನ್ನು ಕಾರು ನಿಂತಾಗಲ್ಲ, ಓಡುತ್ತಿರುವಾಗ ಗಮನಿಸಿ. ಇಂಡಿಕೇಟರ್, ಹಾರ್ನ್, ವೈಪರ್‌ನಂಥ ಕೆಲಸಗಳಿಗೆ ಪ್ರತ್ಯೇಕ ಗುಂಡಿ ಇರುವುದಕ್ಕೆ 2026ರ ನಿಯಮಗಳಲ್ಲಿ ಯೂರೋ ಎನ್‌ಕ್ಯಾಪ್ ಕೂಡ ಮಹತ್ವ ಕೊಟ್ಟಿದೆ.

ಆಯ್ಕೆ ಮುಗಿದು ಕಾರು ತರುವ ದಿನ ಟೈರಿನ ಪಕ್ಕದಲ್ಲಿ ಕೊರೆದಿರುವ ನಾಲ್ಕು ಅಂಕಿಗಳನ್ನು ಓದಿ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2324 ಎಂದರೆ 2024ರ 23ನೆಯ ವಾರ. ನಾಲ್ಕು ಟೈರುಗಳ ಜೊತೆ ಸ್ಟೆಪ್ನಿಯನ್ನೂ ನೋಡಿ. ತಯಾರಿಯ ದಿನಾಂಕ ಕಾರಿನ ದಾಖಲೆಯಲ್ಲಿರುವ ತಿಂಗಳಿಗಿಂತ ಬಹಳ ಹಿಂದಿನದಾದರೆ, ಸಹಿ ಹಾಕುವ ಮೊದಲೇ ಬದಲಿಸಿಕೊಡಲು ಕೇಳಿ.